ಎದುರು ಮನೆಯ ಎತ್ತರ: ಪಾಯ ತೋಡುವ ಮೊದಲೇ ಅಳೆಯುವ ಕ್ರಮ

ಕಾರವಾರದ ಬೈತಕೋಲದಂಥ ಇಳಿಜಾರಿನಲ್ಲಿ ಮೇಲಿನ ಮನೆಯವರಿಗೂ ಕೆಳಗಿನ ನಿವೇಶನದವರಿಗೂ ಕಡಲಿನ ನೋಟಕ್ಕಾಗಿ ಜಗಳ ಹತ್ತುವುದು ಎರಡನೇ ಸ್ಲ್ಯಾಬಿಗೆ ಸೆಂಟ್ರಿಂಗ್ ಏರಿದಾಗ. ಅಷ್ಟೊತ್ತಿಗೆ ಬದಲಾಯಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ನಾನು ಅಳತೆ ಹಿಡಿಯುವುದು ಪಾಯ ತೋಡುವುದಕ್ಕಿಂತ ಮೊದಲು, ಎರಡೂ ಮನೆಯವರ ಎದುರಿಗೆ.

ಕಡಲು ಕಾಣುವುದು ಕಾನೂನಿನ ಹಕ್ಕು ಎಂದು ನಂಬಿ ನೋಟಿಸು ಕಳಿಸುವವರು ಬಹಳ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ (ಬೇರೆಯವರ ಜಾಗದ ಮೇಲಿನ ಅನುಭೋಗದ ಹಕ್ಕಿನ ಕಾಯ್ದೆ) 20 ವರ್ಷ ಅಡ್ಡಿಯಿಲ್ಲದೆ ಮನೆಗೆ ಬಂದ ಗಾಳಿ-ಬೆಳಕಿಗೆ ರಕ್ಷಣೆ ಇದೆ. ನೋಟಕ್ಕೆ ಎಷ್ಟು ವರ್ಷ ಕಳೆದರೂ ಹಾಗೆ ಹಕ್ಕು ಹುಟ್ಟುವುದಿಲ್ಲ. ಸಿಆರ್‌ಝಡ್-3 ವಲಯದಲ್ಲಿ (ಕರಾವಳಿ ನಿಯಂತ್ರಣ ನಿಯಮದ ಮೂರನೇ ವರ್ಗದ ಜಾಗ) ವಾಸದ ಮನೆಗೆ ನೆಲಮಹಡಿಯ ಮೇಲೊಂದು ಮಹಡಿ, ಒಟ್ಟು 9 ಮೀಟರ್ ಎಂಬ ಮಿತಿ ಇದೆ ನಿಜ, ಆದರೆ ಮೇಲಿನ ಮನೆಯ ನೋಟ ಹೋಗುವುದಕ್ಕೆ 9 ಮೀಟರ್ ಧಾರಾಳ ಸಾಕು. ನೋಟ ಉಳಿಯಬೇಕಾದರೆ ಒಪ್ಪಂದವೇ ದಾರಿ, ಒಪ್ಪಂದಕ್ಕೆ ಲೆಕ್ಕ ಬೇಕು.

ಲೆಕ್ಕದ ಬುಡ ಇಷ್ಟು: ಕಡಲು ಆಕಾಶ ಕೂಡುವ ಗೆರೆ ಹೆಚ್ಚುಕಡಿಮೆ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಎದುರಿನ ಕಟ್ಟಡದ ನೆತ್ತಿ ನಿಮ್ಮ ಕಣ್ಣಿಗಿಂತ ಮೇಲೆ ಹೋಯಿತೋ, ಅದು ಎಷ್ಟೇ ದೂರವಿರಲಿ, ಆ ಅಗಲಕ್ಕೆ ಗೆರೆ ಹೋಯಿತು. ದಡದ ನೊರೆಯೂ ಕಾಣಬೇಕೆಂದರೆ ಇನ್ನೂ ತಗ್ಗಬೇಕು. ಕಣ್ಣು ಸಮುದ್ರಕ್ಕಿಂತ 40 ಮೀಟರ್ ಮೇಲಿದ್ದು ದಡ 800 ಮೀಟರ್ ದೂರವಿದ್ದರೆ ದೃಷ್ಟಿ ಮೀಟರಿಗೆ 5 ಸೆಂಟಿಮೀಟರ್ ಇಳಿಯುತ್ತದೆ. 15 ಮೀಟರ್ ಆಚೆಯ ಮನೆ ಕಣ್ಣಿನ ಮಟ್ಟಕ್ಕಿಂತ 75 ಸೆಂಟಿಮೀಟರ್ ಕೆಳಗಿರಬೇಕು. ಅದನ್ನು ಕೇಳಿ ಪಡೆಯುವುದು ಕಷ್ಟ. ಗೆರೆ ಉಳಿದರೆ ಸಾಕು ಎನ್ನುವವರ ಮಾತು ಬೇಗ ಮುಗಿಯುತ್ತದೆ.

ಸಾಮಾನು ಹೆಚ್ಚಿಲ್ಲ: ಮೇಸ್ತ್ರಿಗಳು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು 20 ಮೀಟರ್, ಟೇಪು, ತೂಕದ ಗುಂಡು, ನಾಲ್ಕು ಉದ್ದ ಬಿದಿರಿನ ಗಳ, ಕೆಂಪು ಬಟ್ಟೆ. ಮೇಲಿನ ಮನೆಯ ಜಗಲಿಯ ನೆಲದಿಂದ ನಿಂತವನ ಕಣ್ಣಿಗೆ 1.5 ಮೀಟರ್. ಜಗಲಿಯಿಂದ ಅಂಗಳಕ್ಕೆ 0.6. ಅಂಗಳದಿಂದ ಕೆಳಗಿನ ನಿವೇಶನಕ್ಕೆ ದರೆಯ ಮೆಟ್ಟಿಲು ಮೆಟ್ಟಿಲಾಗಿ ಪೈಪು ಹಿಡಿದು ಇಳಿದು ಕೂಡಿಸಿದಾಗ 5.4 ಎಂದಿಟ್ಟುಕೊಳ್ಳಿ. ಒಟ್ಟು 7.5. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ನೀರಿಗೆ ಸ್ವಲ್ಪ ನೀಲಿ ಹಾಕಿದರೆ ಗುಳ್ಳೆ ಕಣ್ಣಿಗೆ ಬೀಳುತ್ತದೆ.

ಕೆಳಗೆ ಕಟ್ಟಲಿರುವ ಮನೆಯ ನಾಲ್ಕು ಮೂಲೆಗೆ ಗಳ ನಿಲ್ಲಿಸಿ 7.5ಕ್ಕೆ ಬಟ್ಟೆ ಕಟ್ಟಿ. ಜಗಲಿಯಲ್ಲಿ ನಿಂತು ನೋಡಿದರೆ ಬಟ್ಟೆ ಕಡಲಿನ ಗೆರೆಗೆ ತಾಗಿದಂತೆ ಕಾಣಬೇಕು. ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಸಹಜ. ಒಂದಡಿ ಬಂದರೆ ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ. ಮಳೆಗಾಲದಲ್ಲಿ ಗೆರೆಯೇ ಕಾಣದು, ಆಗ ಈ ಕೆಲಸ ಹಚ್ಚಿಕೊಳ್ಳಬೇಡಿ.

ಈಗ ಕೆಳಗಿನ ಮನೆಯ ನಕ್ಷೆ ತೆಗೆಯಿರಿ. ಪ್ಲಿಂತ್ (ನೆಲಮಹಡಿಯ ಕೆಳಗಿನ ಕಟ್ಟೆ) 0.6, ತಲಾ 3 ಮೀಟರಿನ ಎರಡು ಮಹಡಿ, ಸ್ಲ್ಯಾಬ್ 6.6ಕ್ಕೆ ನಿಲ್ಲುತ್ತದೆ. ಪ್ಯಾರಾಪೆಟ್ (ಟೆರೇಸಿನ ಸುತ್ತಿನ ಮೋಟುಗೋಡೆ) ಒಂದು ಮೀಟರ್, 7.6. ತಪ್ಪಿದ್ದು ಬರೀ 10 ಸೆಂಟಿಮೀಟರ್! ನಿಜವಾಗಿ ನೋಟ ತಿನ್ನುವುದು ಮೇಲಿನವು: ಮೆಟ್ಟಿಲಿನ ಕೋಣೆ 9.0ಕ್ಕೆ, ಅದರ ಮೇಲಿನ ಟ್ಯಾಂಕ್ 10.5ಕ್ಕೆ. ಜೊತೆಗೆ ಒಂದೆರಡು ಮಳೆಗಾಲ ಕಳೆದ ಮೇಲೆ ಸೋರುವ ಟೆರೇಸಿಗೆ ಹಾಕಿಸುವ ಶೀಟಿನ ಮಾಡು. ನಮ್ಮ ಕರಾವಳಿಯಲ್ಲಿ ಅದು ಬಂದೇ ಬರುತ್ತದೆ, ನಕ್ಷೆಯಲ್ಲಿ ಮಾತ್ರ ಇರುವುದಿಲ್ಲ.

ಹಾಗಾಗಿ ಮಾತು ಮಾಡಿನಿಂದಲೇ ಶುರುವಾಗಬೇಕು. ಪ್ಲಿಂತ್ 0.45, ಮಹಡಿ ತಲಾ 2.9 ಮಾಡಿದರೆ ಸ್ಲ್ಯಾಬ್ 6.25ಕ್ಕೆ ಬರುತ್ತದೆ, ಕೋಣೆಯೊಳಗೆ 2.75 ಉಳಿಯುತ್ತದೆ, ಫ್ಯಾನಿಗೆ ತೊಂದರೆಯಿಲ್ಲ. ಮಾಡಿನ ನೆತ್ತಿ ಸ್ಲ್ಯಾಬಿನಿಂದ 1.2 ಮೀಟರ್ ಮೀರದಿದ್ದರೆ 7.45. ಕೆಳಗಿನವರಿಗೆ ಬಟ್ಟೆ ಒಣಗಿಸುವ ಜಾಗ ಹೋಗುತ್ತದೆ, ಇದು ಸಣ್ಣ ನಷ್ಟವಲ್ಲ. ಓಡಾಡುವಷ್ಟು ಎತ್ತರ ಬೇಕೇ ಬೇಕು ಎಂದರೆ ನೆತ್ತಿಯ ಸಾಲು ಕಡಲಿನತ್ತ ಓಡಲಿ. ಮೇಲಿನವರಿಗೆ ಬರೀ ತ್ರಿಕೋನ ಅಡ್ಡ ಬರುತ್ತದೆ. ಅಡ್ಡಲಾಗಿ ಹಾಕಿದರೆ ಪೂರ್ತಿ ಗೋಡೆಯೇ. ಮೆಟ್ಟಿಲಿನ ಕೋಣೆ, ಟ್ಯಾಂಕ್ ಎರಡನ್ನೂ ಮೇಲಿನವರ ಕಿಟಕಿಯಿಲ್ಲದ ಗೋಡೆಯ ಎದುರಿಗೆ ಸರಿಸಬಹುದು. ಇದಕ್ಕೆಲ್ಲ ಆಗುವ ಹೆಚ್ಚುವರಿ ಖರ್ಚನ್ನು ಮೇಲಿನ ಮನೆಯವರು ಕೊಡುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಒಪ್ಪಂದದ ಕಾಗದದಲ್ಲಿ ‘ನೆಲದಿಂದ ಇಷ್ಟು ಮೀಟರ್’ ಎಂದು ಬರೆಯಬೇಡಿ. ನಾಲ್ಕು ಲಾರಿ ಮಣ್ಣು ಸುರಿದರೆ ನೆಲವೇ ಏರುತ್ತದೆ. ಮೇಲಿನ ಮನೆಯ ಚಿರೇಕಲ್ಲಿನ ಪಾಯದಲ್ಲಿ ಉಳಿಯಿಂದ ಗುರುತು ಕೊರೆದು, ಅಲ್ಲಿಂದ ಮೇಲಕ್ಕೆ ಎಷ್ಟು ಎಂದು ಬರೆಯಿರಿ, ಫೋಟೊ ಲಗತ್ತಿಸಿ. ಎರಡೂ ಸರ್ವೆ ನಂಬರ್ ಹಾಕಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಜಾಗ ಕೊಳ್ಳುವವರಿಗೂ ಅದು ಗೊತ್ತಾಗುತ್ತದೆ. ಶೀಟು, ಟ್ಯಾಂಕ್, ಸೋಲಾರ್, ಎಲ್ಲದರ ಹೆಸರೂ ಇರಲಿ. ಗಿಡಗಳದ್ದೂ: ತೆಂಗು ಬೆಳೆದಂತೆ ಬರೀ ಕಾಂಡ ಅಡ್ಡ ನಿಲ್ಲುತ್ತದೆ, ಮಾವು ಹಲಸು ಪೂರ್ತಿ ಮುಚ್ಚುತ್ತವೆ.