ಶೀಟಿನ ಕೆಳಗೆ ತೆಂಗಿನ ನಾರು: ನನ್ನ ಅನುಭವ

ತಿಪಟೂರಿನ ನಮ್ಮ ಮನೆಯ ಮಹಡಿ ಕೋಣೆಗೆ ಶೀಟು ಹೊದಿಸಿದ್ದೇವೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರೋಕೇ ಆಗುತ್ತಿರಲಿಲ್ಲ. ತೆಂಗಿನ ನಾರಿಗೆ ಇಲ್ಲಿ ಬರವಿಲ್ಲ ಅಲ್ವಾ? ಎಳೆಗಳ ನಡುವೆ ನಿಂತ ಗಾಳಿಯೇ ಬಿಸಿ ತಡೆಯುತ್ತದೆ. ಶೀಟಿಗೆ ತಾಗುವಂತೆ ತುಂಬಿಸಿದೆ, ಸೆಕೆ ಇಳಿಯಿತು.

ಮಳೆಗಾಲದಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಬಿಚ್ಚಿ ನೋಡಿದರೆ ಶೀಟಿನ ಒಳಮೈಯಲ್ಲಿ ಬೆವರಿನಂತೆ ಹನಿ, ನಾರಿನ ಮೇಲ್ಪದರ ಕಪ್ಪು. ರಾತ್ರಿ ತಣ್ಣಗಾದ ಶೀಟಿಗೆ ಕೋಣೆಯ ತೇವ ತಾಗಿ ನೀರಾಗಿತ್ತು.

ಕಪ್ಪಾದದ್ದನ್ನು ಎಸೆದೆ. ಉಳಿದದ್ದನ್ನು ಬಿಳಿಗಾರ (ಬೋರಾಕ್ಸ್) ಕರಗಿಸಿದ ನೀರಲ್ಲಿ ಅದ್ದಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದೆ. ಬೂಸ್ಟು, ಗೆದ್ದಲು ಎರಡಕ್ಕೂ ಅದು ತಡೆ. ಬಿದಿರಿನ ತಟ್ಟಿಯ ಮೇಲೆ 3 ಇಂಚು ಸಡಿಲವಾಗಿ ಹರಡಿ, ಶೀಟಿಗೂ ನಾರಿಗೂ ನಡುವೆ 2 ಇಂಚು ಜಾಗ ಬಿಟ್ಟೆ. ಎರಡೂ ತುದಿಯಲ್ಲಿ ಗಾಳಿಕಿಂಡಿ, ಇಲಿ ನುಗ್ಗದಂತೆ ಜಾಲರಿ.

ಈ ಮಳೆಗಾಲದಲ್ಲಿ ಕೈ ಹಾಕಿ ನೋಡಿದೆ. ನಾರು ಒಣಗಿಯೇ ಇತ್ತು.