ಅಣ್ಣನಿಗೆಂದು ಹುಡುಕಿದ ಕೌನ್ಸೆಲರ್ ಮೊದಲು ನಮ್ಮನ್ನೇ ಕೂರಿಸಿದರು

ನನ್ನ ಅಣ್ಣ ಕುಡಿಯುತ್ತಿದ್ದ. ಇಷ್ಟು ಸಣ್ಣ ವಾಕ್ಯವನ್ನು ಬಾಯಿಬಿಟ್ಟು ಹೇಳಲು ನಮಗೆ 4 ವರ್ಷ ಬೇಕಾಯಿತು. ಅಲ್ಲಿಯವರೆಗೆ 'ಅವನಿಗೆ ಟೆನ್ಷನ್ ಜಾಸ್ತಿ', 'ಪಾಪ, ನಿದ್ದೆ ಬರಲ್ಲ', 'ಸಹವಾಸ ಸರಿಯಿಲ್ಲ' ಅನ್ನುತ್ತಿದ್ದೆವು. ಅತ್ತಿಗೆ ಅವನ ಆಫೀಸಿಗೆ ಫೋನ್ ಮಾಡಿ ಜ್ವರ ಅನ್ನುತ್ತಿದ್ದರು. ಸಾಲ ನಾನು ತೀರಿಸುತ್ತಿದ್ದೆ. ಅಮ್ಮ ಆಣೆ ಹಾಕಿಸುತ್ತಿದ್ದಳು.

ಕುಡಿತದ ಕತೆ ಅವನದು, ಬೇಕಿದ್ದರೆ ಅವನೇ ಹೇಳಲಿ. ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವನನ್ನು ಚಿಕಿತ್ಸೆಗೆ ಒಪ್ಪಿಸಲು ನಾನು ಯಾರ ಸಹಾಯ ಹುಡುಕಿದೆ, ಹೇಗೆ ಹುಡುಕಿದೆ ಅನ್ನುವುದಷ್ಟೇ ನನ್ನ ಪಾಲಿನದು.

ಶುರುವಿನಲ್ಲಿ ಮಾಡಿದ್ದೆಲ್ಲಾ ಎಡವಟ್ಟು. ಒಂದು ಸಲ ಅವನೇ 'ನಾಳೆಯಿಂದ ಬಿಡ್ತೀನಿ' ಅಂದ. ನಾವು ಖುಷಿಯಿಂದ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲಾ ಚೆಲ್ಲಿದೆವು. ಮರುದಿನ ಕೈ ನಡುಕ, ಬೆವರು. ಅದರ ಮರುದಿನ ಬೆಳಿಗ್ಗೆ ಫಿಟ್ಸ್. ಆಸ್ಪತ್ರೆಯ ಡಾಕ್ಟರು ನಮ್ಮನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2-3 ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತಪ್ಪುತ್ತದೆ, ಪ್ರಾಣಕ್ಕೇ ಅಪಾಯವಾಗಬಹುದು. ಕುಡಿತ ನಿಲ್ಲಿಸುವ ಆ ಮೊದಲ ವಾರಕ್ಕೂ ಡಾಕ್ಟರು ಬೇಕು ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ನಾಲ್ಕನೇ ದಿನ ಅವನು ಹಟ ಮಾಡಿ ಮನೆಗೆ ಬಂದ. ಎರಡು ವಾರಕ್ಕೆ ಮತ್ತೆ ಶುರುವಾಯಿತು.

ಆಮೇಲೆ ಗುರುತಿನವರೊಬ್ಬರು 'ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಬಿಡಿ' ಎಂದು ಒಂದು ಮಾತ್ರೆಯ ಹೆಸರು ಹೇಳಿದರು. ಪುಣ್ಯಕ್ಕೆ ಅದೇ ಡಾಕ್ಟರನ್ನು ಕೇಳಿದೆ. ಅದು ಡೈಸಲ್ಫಿರಾಮ್. ಅದನ್ನು ತೆಗೆದುಕೊಂಡವರು ಕುಡಿದರೆ ಮದ್ಯ ಮೈಯಲ್ಲಿ ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಅನ್ನುವ ವಿಷ ತುಂಬಿಕೊಳ್ಳುತ್ತದೆ. ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆ ಎಂದು ತಿಳಿದು, ಒಪ್ಪಿ ನುಂಗುವವರಿಗೆ ಅದು ಔಷಧಿ. ಕದ್ದು ಕೊಟ್ಟರೆ ಅದು ವಿಷ ಹಾಕಿದ ಹಾಗೇ ಅಂದರು ಡಾಕ್ಟರು.

ಮೂರನೆಯದು ಕುಡಿತ ಬಿಡಿಸುವ ಒಂದು ಸೆಂಟರ್. 'ನಾಲ್ಕು ಜನರನ್ನು ಕಳಿಸ್ತೀವಿ, ರಾತ್ರಿ ಎತ್ತಿಕೊಂಡು ಹೋಗ್ತಾರೆ, ಮೂರು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ' ಅಂದರು. ನಿಜ ಹೇಳಬೇಕೆಂದರೆ ಆ ರಾತ್ರಿ ನಾನು ಹೂಂ ಅನ್ನುವುದರಲ್ಲಿದ್ದೆ. ತಡೆದದ್ದು ಅತ್ತಿಗೆ. 'ವಾಪಸ್ ಬಂದ ಮೇಲೆ ಅವರು ನನ್ನನ್ನು ಯಾವತ್ತಾದರೂ ನಂಬ್ತಾರಾ?' ಅಂದರು.

ಮರುದಿನದಿಂದ ಪುಸ್ತಕ ಪೆನ್ನು ಹಿಡಿದು ಫೋನ್ ಮಾಡಲು ಕೂತೆ. ಆಸ್ಪತ್ರೆಯ ಸೈಕಿಯಾಟ್ರಿಸ್ಟ್ ಕೊಟ್ಟಿದ್ದ ಎರಡು ಹೆಸರಿನಿಂದ ಶುರು ಮಾಡಿ ಒಟ್ಟು 11 ಕಡೆ ಮಾತಾಡಿದೆ. ಮೊದಲ ಪ್ರಶ್ನೆ: 'ಅವನು ಬರಲ್ಲ ಅಂದರೆ ನನ್ನನ್ನು ನೋಡ್ತೀರಾ?' ಹೆಚ್ಚಿನವರು 'ಮೊದಲು ಪೇಶೆಂಟನ್ನು ಕರ್ಕೊಂಡು ಬನ್ನಿ' ಅಂದರು. ಬರುವ ಹಾಗಿದ್ದರೆ ನಾನ್ಯಾಕೆ ಫೋನ್ ಮಾಡುತ್ತಿದ್ದೆ, ಅಲ್ವಾ? ಒಬ್ಬರು 'ನೂರಕ್ಕೆ ನೂರು ಗ್ಯಾರಂಟಿ' ಅಂದ ಕೂಡಲೇ ಆ ಹೆಸರು ಹೊಡೆದುಹಾಕಿದೆ. ಇನ್ನೊಬ್ಬರು ತಾವೇ ಕುಡಿತ ಬಿಟ್ಟವರು, ಒಳ್ಳೆಯ ಮನುಷ್ಯ. ಆದರೆ ಫಿಟ್ಸ್ ಬಂದರೆ ಯಾವ ಡಾಕ್ಟರು ನೋಡುತ್ತಾರೆ ಎಂದು ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಕೇಳಲು ನನಗೆ ತುಂಬಾ ಮುಜುಗರವಾದ ಪ್ರಶ್ನೆಯೇ ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂತು: 'ನೀವು ಹೇಳಿದ ಸೆಂಟರ್‌ಗೆ ಸೇರಿಸಿದರೆ ನಿಮಗೆ ಅಲ್ಲಿಂದ ದುಡ್ಡು ಬರುತ್ತಾ?' ಇಬ್ಬರು ಸಿಟ್ಟಾದರು. ಒಬ್ಬರು ಮಾತು ತೇಲಿಸಿದರು. ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರ ನಕ್ಕು, 'ಇಲ್ಲ. ಕೇಳಿದ್ದು ಒಳ್ಳೆಯದೇ ಆಯ್ತು' ಅಂದರು. ನಾನು ಮತ್ತು ಅತ್ತಿಗೆ ಅವರ ಹತ್ತಿರವೇ ಹೋದೆವು.

ಕೂತ ತಕ್ಷಣ ನಾನು ನನ್ನ ಪ್ಲಾನ್ ಹೇಳಿದೆ. ಮನೆಯವರೆಲ್ಲಾ ಸೇರಿ ಅವನನ್ನು ಮಧ್ಯೆ ಕೂರಿಸುವುದು, ಒಬ್ಬೊಬ್ಬರೇ ಪತ್ರ ಓದುವುದು, 'ಈಗಲೇ ಹೊರಡು' ಅನ್ನುವುದು. ಅವರು ಪೂರ್ತಿ ಕೇಳಿಸಿಕೊಂಡರು. ಅಮೆರಿಕದ ವರ್ನನ್ ಜಾನ್ಸನ್ ಎಂಬ ಪಾದ್ರಿ ಹುಟ್ಟುಹಾಕಿದ ದಾರಿಯಂತೆ ಅದು. ಅದಕ್ಕಿಂತ ಮೆತ್ತಗಿನ ದಾರಿಯೊಂದಿದೆ, ರಾಬರ್ಟ್ ಮೆಯರ್ಸ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ 'ಕ್ರಾಫ್ಟ್', ಕುಡಿಯುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಮನೆಯವರಿಗೇ ಕಲಿಸುವುದು ಅಂದರು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಬೇಡ ಅನ್ನುತ್ತಿದ್ದ ಕುಡುಕರ ಮನೆಯ 130 ಜನರನ್ನು ಮೂರು ಗುಂಪು ಮಾಡಿದ್ದರು. ಕ್ರಾಫ್ಟ್ ಕಲಿತವರಲ್ಲಿ 64% ಜನ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಜಾನ್ಸನ್ ದಾರಿಯಲ್ಲಿ 30%. ಕುಡಿಯುವವರ ಮನೆಯವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್-ಅನಾನ್ ದಾರಿ ಹಿಡಿದ ಗುಂಪಿನಲ್ಲಿ 13%, ಆದರೆ ಆಲ್-ಅನಾನ್ ಇರುವುದೇ ಮನೆಯವರ ನೆಮ್ಮದಿಗಾಗಿ. ಜಾನ್ಸನ್ ಗುಂಪಿನಲ್ಲಿ ತುಂಬಾ ಜನ ಆ ಮುಖಾಮುಖಿ ಸಭೆಯನ್ನು ಮಾಡಲೇ ಇಲ್ಲವಂತೆ. ನಮ್ಮನೆಯಲ್ಲೂ ಅಮ್ಮ ಮೊದಲ ಸಾಲಿಗೇ ಅತ್ತು ಎದ್ದು ಹೋಗುತ್ತಿದ್ದಳು, ಅನುಮಾನವೇ ಇಲ್ಲ.

ಆಮೇಲೆ ನನ್ನನ್ನು ಹೊರಗೆ ಕಳಿಸಿ ಅತ್ತಿಗೆ ಒಬ್ಬರನ್ನೇ ಕೇಳಿದರಂತೆ: 'ಹೊಡೀತಾರಾ?' ಮನೆಯಲ್ಲಿ ಹೊಡೆತ ಇದ್ದರೆ ಇದನ್ನೆಲ್ಲಾ ಈ ರೀತಿ ಮಾಡಲಾಗದು, ಮೊದಲು ಮನೆಯವರ ಜೀವ ನೋಡಿಕೊಳ್ಳಬೇಕು. ಆ 11 ಕಡೆಗಳಲ್ಲಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ.

ನಮಗೆ ಕಲಿಸಿದ್ದೂ ಆ ಕ್ರಾಫ್ಟ್ ದಾರಿಯನ್ನೇ. ಮೊದಲ ಕೆಲಸ ಒಂದು ನೋಟ್‌ಬುಕ್. ಯಾವತ್ತು ಕುಡಿದ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ನಾವು ಏನು ಮಾಡಿದೆವು. ಮೂರು ವಾರ ಬರೆದ ಮೇಲೆ ಕಾಣಿಸಿತು: ಮೇಲಿನವರ ಜೊತೆ ಮೀಟಿಂಗ್ ಇದ್ದ ದಿನ ಕುಡಿತ ಜಾಸ್ತಿ. ಮಗನನ್ನು ಆಟಕ್ಕೆ ಕರೆದುಕೊಂಡು ಹೋಗುವ ಸಂಜೆ ಕುಡಿತ ಇಲ್ಲವೇ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತಿಗೆ ಇದನ್ನು ಗಮನಿಸಿರಲಿಲ್ಲ. ವಾರಕ್ಕೆ ಒಂದಿದ್ದ ಆಟದ ಸಂಜೆಯನ್ನು ಮೂರು ಮಾಡಿದರು. ಕುಡಿಯದ ದಿನ ಅವನ ಜೊತೆ ಕೂತು ಹರಟುವುದು. ಕುಡಿದು ಬಂದರೆ ಜಗಳ ಇಲ್ಲ, ಉಪದೇಶ ಇಲ್ಲ, 'ನಾಳೆ ಮಾತಾಡೋಣ' ಎಂದು ಬೇರೆ ರೂಮಿಗೆ ಹೋಗುವುದು.

ಕಷ್ಟವಾದದ್ದು ಸುಳ್ಳು ನಿಲ್ಲಿಸುವುದು. ಅತ್ತಿಗೆ ಆಫೀಸಿಗೆ ಜ್ವರದ ಫೋನ್ ಮಾಡಲಿಲ್ಲ. ನಾನು ಸಾಲದವರ ಫೋನ್ ಎತ್ತಲಿಲ್ಲ. ಸೋಫಾದಿಂದ ಎತ್ತಿ ಹಾಸಿಗೆಗೆ ಹಾಕಲಿಲ್ಲ. ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲ್ಲ. ಮಗ್ಗುಲಾಗಿ ಮಲಗಿಸಬೇಕು, ಉಸಿರು ನೋಡುತ್ತಿರಬೇಕು, ಎಬ್ಬಿಸಿದರೂ ಏಳದಿದ್ದರೆ ಆಂಬ್ಯುಲೆನ್ಸ್ ಕರೆಯಬೇಕು. ಉಳಿದ ಅವಮಾನ ಅವನದೇ, ಅದಕ್ಕೆ ನಾವು ಚಾದರ ಹೊದಿಸಬಾರದು ಅಷ್ಟೇ. ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ.

ಮಾತನ್ನೂ ರಿಹರ್ಸಲ್ ಮಾಡಿಸಿದರು. ನನ್ನ ಮೊದಲ ಪ್ರಯತ್ನ: 'ಅಣ್ಣಾ, ನೀನು ಯಾವಾಗಲೂ ಹೀಗೇ, ಮನೆ ಹಾಳಾಗ್ತಿದೆ.' ಸೈಕಾಲಜಿಸ್ಟ್ ಅಣ್ಣನ ಪಾರ್ಟು ಮಾಡಿ ಎದ್ದು ಹೊರಟೇಬಿಟ್ಟರು. 'ಯಾವಾಗಲೂ' ತೆಗೆಸಿದರು. 'ನೀನು' ಕಡಿಮೆ ಮಾಡಿಸಿದರು. ಹತ್ತಾರು ಸಲ ಹೇಳಿ ಹೇಳಿ ಉಳಿದದ್ದು ಎರಡೇ ಸಾಲು. ಅದನ್ನು ಹೇಳುವ ಹೊತ್ತೂ ಮುಖ್ಯ: ಅವನು ಕುಡಿದಿರಬಾರದು, ಅವನಿಗೇ ಬೇಜಾರಾಗಿರಬೇಕು. ಅಂಥ ಹೊತ್ತು ಬಂದರೆ ಒಂದೆರಡು ದಿನದೊಳಗೆ ನೋಡುತ್ತೇನೆ ಎಂದು ಸೈಕಿಯಾಟ್ರಿಸ್ಟ್ ಮೊದಲೇ ಒಪ್ಪಿದ್ದರು. ಅವನು ಹೂಂ ಅಂದ ಮೇಲೆ ಡಾಕ್ಟರನ್ನು ಹುಡುಕಲು ಹೊರಟರೆ ಅಷ್ಟರಲ್ಲಿ ಅವನ ಮನಸ್ಸು ಬದಲಾಗಿರುತ್ತದೆ.

ನಮ್ಮ ಏಳನೇ ಸೆಷನ್ ಆದ ವಾರ ಅವನು ಮಗನ ಮ್ಯಾಚಿಗೆ ಹೋಗಲಿಲ್ಲ. ಕುಡಿದು ಮಲಗಿದ್ದ. ಮರುದಿನ ಬೆಳಿಗ್ಗೆ ಮಗ ಏನೂ ಕೇಳದೆ ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಹೊರಟ. ಅಣ್ಣ 'ನನಗೇ ಸಾಕಾಗಿದೆ ಕಣೇ' ಅಂದ. ಅತ್ತಿಗೆಗೆ ಕೈಕಾಲು ನಡುಗಿತಂತೆ. ಆದರೂ ಕಲಿತ ಸಾಲು ಹೇಳಿದರು: 'ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ ನನಗೆ ಗೊತ್ತಾಗುತ್ತೆ ರೀ. ಒಬ್ಬರ ಹತ್ತಿರ ಒಂದೇ ಸಲ ಮಾತಾಡಿ ನೋಡ್ತೀರಾ, ಇಷ್ಟ ಆಗದಿದ್ದರೆ ಎದ್ದು ಬರೋಣ?' ಅವನು ಹೂಂ ಅನ್ನಲಿಲ್ಲ. 'ಯಾವತ್ತು?' ಅಂದ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಹೋದರು. ಹಿಂದೆ ಫಿಟ್ಸ್ ಬಂದಿದ್ದರಿಂದ 7 ದಿನ ಅಡ್ಮಿಟ್ ಮಾಡಿಕೊಂಡು ಔಷಧಿ ಕೊಟ್ಟೇ ಬಿಡಿಸಿದರು. ಆಮೇಲೆ ವಾರಕ್ಕೊಂದು ಕೌನ್ಸೆಲಿಂಗ್. ಮೂರನೇ ತಿಂಗಳು ಒಂದು ರಾತ್ರಿ ಮತ್ತೆ ಕುಡಿದು ಬಂದ. ನಾನು ಓಡಿಹೋದೆ, ಅಮ್ಮ ಅಳುತ್ತಿದ್ದಳು. ಅತ್ತಿಗೆ 'ನಾಳೆ ಮಾತಾಡೋಣ' ಎಂದು ಹೇಳಿ ಬೇರೆ ರೂಮಿನಲ್ಲಿ ಮಲಗಿದ್ದರು. ಬೆಳಿಗ್ಗೆ ಅಣ್ಣ ಡಾಕ್ಟರಿಗೆ ತಾನೇ ಫೋನ್ ಮಾಡಿದ.