ಸೊಳ್ಳೆಗೆ ರೆಕ್ಕೆ ಬರುವ ಮೊದಲೇ ಹಿಡಿಯಿರಿ

ಒಂದು ಟಾರ್ಚ್ ತೆಗೆದುಕೊಂಡು ಮನೆಯಲ್ಲಿ ನೀರು ತುಂಬಿಟ್ಟಿರುವ ಡ್ರಮ್ಮಿನ ಬಳಿ ಹೋಗಿ. ಮುಚ್ಚಳ ಸರಿಸಿ, ಬೆಳಕು ಬಿಟ್ಟು, ಅರ್ಧ ನಿಮಿಷ ಅಲುಗಾಡದೆ ನಿಲ್ಲಿ. ನೀರಿನ ಮೇಲ್ಮೈಗೆ ಬಾಲದ ತುದಿ ತಾಗಿಸಿಕೊಂಡು ತಲೆಕೆಳಗಾಗಿ ನೇತಾಡುವ ಸಣ್ಣ ಹುಳುಗಳು ಕಂಡವೇ? ಡ್ರಮ್ಮಿಗೆ ಮೆಲ್ಲಗೆ ತಟ್ಟಿದೊಡನೆ ಬಳುಕುತ್ತಾ ತಳಕ್ಕಿಳಿದವೇ? ಹಾಗಾದರೆ ಇನ್ನು ಕೆಲವೇ ದಿನಗಳಲ್ಲಿ ನಿಮ್ಮನ್ನು ಕಚ್ಚಲಿರುವ ಸೊಳ್ಳೆಗಳು ಅವೇ. ಅಲ್ಪವಿರಾಮದ ಆಕಾರದಲ್ಲಿ ಮುದುರಿಕೊಂಡವು ಇದ್ದರೆ ಅವು ಪ್ಯೂಪಾಗಳು, ಹುಳು ಸೊಳ್ಳೆಯಾಗುವ ಮುಂಚಿನ ಕೊನೆಯ ಹಂತ. ಎರಡು ಮೂರು ದಿನದಲ್ಲಿ ಹಾರಿಹೋಗುತ್ತವೆ.

ಮನೆಯ ಸೊಳ್ಳೆ ಕಡಿಮೆ ಮಾಡುವ ಕೆಲಸವನ್ನು ಇಲ್ಲಿಂದಲೇ ಶುರುಮಾಡಬೇಕು. ರೆಕ್ಕೆ ಬಂದ ಮೇಲೆ ಒಂದೊಂದನ್ನೇ ಅಟ್ಟಾಡಿಸಬೇಕಾಗುತ್ತದೆ. ನೀರಿನಲ್ಲಿರುವಾಗ ಒಂದು ಬಕೆಟ್ ಬೋರಲು ಹಾಕಿದರೆ ನೂರಾರು ಮುಗಿದವು.

ವಾರಕ್ಕೊಂದು ದಿನ ಗೊತ್ತುಮಾಡಿ

ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ, ತಪ್ಪದೆ, ಒಂದೇ ದಿನ. ಎರಡು ವಾರಕ್ಕೊಮ್ಮೆ ಎಂದಿಟ್ಟುಕೊಂಡರೆ ನಡುವೆ ಒಂದು ತಲೆಮಾರು ಹಾರಿಹೋಗಿರುತ್ತದೆ.

ಆ ದಿನ ಡ್ರಮ್, ಬಕೆಟ್, ಹಂಡೆ, ತೊಟ್ಟಿ ಎಲ್ಲವನ್ನೂ ಪೂರ್ತಿ ಖಾಲಿ ಮಾಡಿ. ಆಮೇಲಿನ ಕೆಲಸವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ: ಉಜ್ಜುವುದು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಕಪ್ಪು ಚುಕ್ಕಿಯಷ್ಟು ಸಣ್ಣವು, ಕೊಳೆಯೆಂದೇ ಅನ್ನಿಸುತ್ತದೆ. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ. ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಒಡೆದು ಮರಿಯಾಗುತ್ತವೆ. ಬೇಸಿಗೆಯಿಡೀ ಒಣಗಿ ಬಿದ್ದಿದ್ದ ಡ್ರಮ್ಮಿನಲ್ಲಿ ಮೊದಲ ಮಳೆಯ ವಾರದಲ್ಲೇ ಹುಳು ಕಾಣುವುದು ಇದರಿಂದಲೇ. ಗಟ್ಟಿ ಬ್ರಷ್‌ನಿಂದ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ಮೂಡಿರುವ ಜಾಗವನ್ನು, ಒತ್ತಿ ಉಜ್ಜಿ ತೊಳೆಯಿರಿ. ತೊಳೆದ ನೀರನ್ನು ಚರಂಡಿಗೆ ಬಿಡದೆ ಒಣ ನೆಲದ ಮೇಲೆ ಚೆಲ್ಲಿ, ಪಾತ್ರೆಯನ್ನು ಬಿಸಿಲಿಗೆ ಬೋರಲಿಡಿ.

ನಂತರ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಸಜ್ಜಾದ ಮೇಲೆ ನಿಂತ ಮಳೆನೀರು, ಎಲೆ ಕಟ್ಟಿಕೊಂಡ ದೋಣಿಪೈಪು, ಟಾರ್ಪಾಲಿನ ಮಡಿಕೆ, ಯಾರೂ ಬಳಸದ ಶೌಚಾಲಯ. ಬಾಟಲಿಯ ಮುಚ್ಚಳದಷ್ಟು ನೀರಿದ್ದರೂ ಈಡಿಸ್‌ಗೆ ಸಾಕು. ಹಕ್ಕಿಗಳಿಗೆ ನೀರಿಡುವವರು ಇಡುವುದನ್ನು ನಿಲ್ಲಿಸಬೇಡಿ. ದಿನವೂ ಬದಲಿಸಿ, ಬಟ್ಟಲನ್ನು ಉಜ್ಜಿ.

ಖಾಲಿ ಮಾಡಲಾಗದ ನೀರು

ಟ್ಯಾಂಕ್, ಸಂಪುಗಳಿಗೆ ಸಂದಿಲ್ಲದ ಮುಚ್ಚಳ ಬೇಕು. ನೀರು ಉಕ್ಕಿ ಹೊರಹೋಗುವ ಪೈಪಿನ ಬಾಯಿಗೆ ಜಾಲರಿ ಬಿಗಿಯಿರಿ. ಸೆಪ್ಟಿಕ್ ಟ್ಯಾಂಕಿನ ಗಾಳಿಪೈಪಿಗೂ ಕಟ್ಟಿ. ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಕು ನೀರೇ ಇಷ್ಟ, ಆ ಪೈಪೇ ಅದರ ಬಾಗಿಲು.

ಅಲಂಕಾರದ ಕೊಳ, ತೊಟ್ಟಿಗಳಲ್ಲಿ ಗಪ್ಪಿ ಮೀನು ಬಿಡಬಹುದು, ಹುಳುಗಳನ್ನು ತಿಂದುಹಾಕುತ್ತದೆ. ಆದರೆ ಅದನ್ನಾಗಲಿ, ಸೊಳ್ಳೆಹುಳು ತಿನ್ನುವ ಇನ್ನೊಂದು ಮೀನಾದ ಗ್ಯಾಂಬೂಸಿಯಾವನ್ನಾಗಲಿ ಕೆರೆ, ಹಳ್ಳಕ್ಕೆ ದಯವಿಟ್ಟು ಬಿಡಬೇಡಿ. ಗ್ಯಾಂಬೂಸಿಯಾ ಅಲ್ಲಿನ ಮೀನು, ಕಪ್ಪೆಗಳ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಕೆರೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಹುಳುಗಳನ್ನು ಹಿಡಿದು ತಿನ್ನುತ್ತಲೇ ಇರುತ್ತವೆ, ಅವುಗಳ ಪಾಡಿಗೆ ಬಿಟ್ಟರೆ ಸಾಕು.

ಮೀನೂ ಬಿಡಲಾಗದ ಗುಂಡಿಗಳಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಅಥವಾ ಪುಡಿ ಇದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಕೊಳವೊಂದರಲ್ಲಿ ಸೊಳ್ಳೆಹುಳುಗಳು ಸತ್ತು ತೇಲುತ್ತಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಹುಳುವಿನ ಹೊಟ್ಟೆ ಸೇರಿದ ಮೇಲೆ ಕರುಳನ್ನು ಒಡೆಯುತ್ತದೆ. ಮನುಷ್ಯರಿಗೆ, ದನಕರುಗಳಿಗೆ, ಮೀನಿಗೆ ತೊಂದರೆಯಿಲ್ಲ. ಪ್ಯೂಪಾ ಏನನ್ನೂ ತಿನ್ನದ ಕಾರಣ ಅದರ ಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಹುಳುಗಳು ಎಳೆಯವಿದ್ದಾಗಲೇ ಹಾಕಬೇಕು. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದು ಪೊಟ್ಟಣದ ಮೇಲಿರುತ್ತದೆ.

ಮನೆಯೊಳಗೆ

ಕಿಟಕಿಯ ಜಾಲರಿಯ ಕಣ್ಣು 1.2 ಮಿಲಿಮೀಟರಿಗಿಂತ ದೊಡ್ಡದಿರದಿರಲಿ. ಜಾಲರಿ ಹಾಕಿಸಿಯೂ ಬಾಗಿಲಡಿಯ ಸಂದು ಮರೆತರೆ ಖರ್ಚು ದಂಡ. ಫ್ಯಾನನ್ನು ಕಡೆಗಣಿಸಬೇಡಿ: ಸೊಳ್ಳೆ ಜೋರು ಗಾಳಿಗೆದುರು ಹಾರಲಾರದು, ನಮ್ಮ ಉಸಿರಿನ ಜಾಡೂ ಚದುರಿಹೋಗಿ ಅದಕ್ಕೆ ದಾರಿ ಸಿಗುವುದಿಲ್ಲ. ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಈಡಿಸ್ ಕಚ್ಚುವುದು ಹಗಲಿನಲ್ಲಿ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು. ಮನೆಯಲ್ಲಿ ಯಾರಿಗಾದರೂ ಡೆಂಗಿ ಜ್ವರ ಬಂದಿದ್ದರಂತೂ ಅವರನ್ನು ಹಗಲೂ ಪರದೆಯೊಳಗೇ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯ ಇತರರಿಗೆ ಜ್ವರ ದಾಟಿಸುವುದು.

ಶಬ್ದದಿಂದ ಸೊಳ್ಳೆ ಓಡಿಸುವ ಯಂತ್ರಗಳಿಗೆ ಹಣ ಹಾಕಬೇಡಿ. ಅವು ಕಚ್ಚುವುದನ್ನು ತಪ್ಪಿಸಿದ್ದಕ್ಕೆ ಪರೀಕ್ಷೆಗಳಲ್ಲಿ ಪುರಾವೆ ಸಿಕ್ಕಿಲ್ಲ. ನೀಲಿ ದೀಪದ ಬಲೆಯಲ್ಲಿ ಸೊಳ್ಳೆಗಿಂತ ಪಾಪದ ಬೇರೆ ಕೀಟಗಳೇ ಹೆಚ್ಚು ಸಾಯುತ್ತವೆ. ಕುಂಡದಲ್ಲಿ ಸಿಟ್ರೊನೆಲ್ಲಾ ಗಿಡ ಬೆಳೆಸಿದ ಮಾತ್ರಕ್ಕೆ ಸೊಳ್ಳೆ ದೂರವಾಗದು.

ಇಷ್ಟೆಲ್ಲ ಮಾಡಿದ ಮರುದಿನವೇ ಸೊಳ್ಳೆ ಕಂಡರೆ ಎದೆಗುಂದಬೇಡಿ. ಈಗಾಗಲೇ ಹಾರಾಡುತ್ತಿರುವವು ಕೆಲವು ವಾರ ಬದುಕಿರುತ್ತವೆ, ವ್ಯತ್ಯಾಸ ಕಾಣಲು ಎರಡು ಮೂರು ವಾರ ಬೇಕು. ಆಮೇಲೂ ಹಗಲಿನಲ್ಲಿ ಕಚ್ಚುತ್ತಿದ್ದರೆ ಈಡಿಸ್ ಹುಟ್ಟುವ ಜಾಗ ಹತ್ತಿರದಲ್ಲೇ ಇದೆ; ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ. ಮೊದಲು ನಿಮ್ಮ ಮನೆಯ ಸಜ್ಜಾ, ದೋಣಿಪೈಪುಗಳನ್ನು ಇನ್ನೊಮ್ಮೆ ನೋಡಿ. ಅಲ್ಲಿಲ್ಲವೆಂದಾದರೆ ಪಕ್ಕದ ಮನೆಯವರನ್ನು ಕರೆದು, ಅವರ ಡ್ರಮ್ಮಿನ ಮುಚ್ಚಳ ಸರಿಸಿ, ಟಾರ್ಚನ್ನು ಅವರ ಕೈಗೇ ಕೊಡಿ.